ಅಂಕಪಟ್ಟಿಯನ್ನು ಹೋಳು ಮಾಡಿದ ಕಥೆ: ವಿಭಾಗ, ಕಾನ್ಫರೆನ್ಸ್ ಮತ್ತು ಪ್ಲೇಆಫ್‌ಗಳ ಹಿನ್ನೆಲೆ

ಲೀಗ್ ಎಂಬ ವ್ಯವಸ್ಥೆಯ ಮೂಲ ಲೆಕ್ಕ ಬಹಳ ಸರಳವಾದದ್ದು. ಪ್ರತಿ ತಂಡವೂ ಉಳಿದೆಲ್ಲ ತಂಡಗಳ ವಿರುದ್ಧ ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಅಂಗಣದಲ್ಲಿ ಆಡುತ್ತದೆ. ಋತು ಮುಗಿದಾಗ ಪಟ್ಟಿಯ ತುದಿಯಲ್ಲಿರುವ ತಂಡವೇ ಚಾಂಪಿಯನ್. 1888ರಲ್ಲಿ ಇಂಗ್ಲೆಂಡಿನ 12 ಕ್ಲಬ್‌ಗಳು ಸೇರಿ ಆರಂಭಿಸಿದ ಫುಟ್‌ಬಾಲ್ ಲೀಗ್ ನಿಂತಿದ್ದು ಇದೇ ಲೆಕ್ಕದ ಮೇಲೆ: ತಲಾ 22 ಪಂದ್ಯ, ಒಂದೇ ಪಟ್ಟಿ. ಮೊದಲ ಋತುವಿನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಒಂದು ಪಂದ್ಯವನ್ನೂ ಸೋಲದೆ ಪ್ರಶಸ್ತಿ ಗೆದ್ದಾಗ, ಅದು ನಿಜವಾಗಿಯೂ ಶ್ರೇಷ್ಠ ತಂಡವೇ ಎಂದು ಕೇಳಲು ಯಾರಿಗೂ ಕಾರಣವಿರಲಿಲ್ಲ, ಏಕೆಂದರೆ ಎಲ್ಲ ತಂಡಗಳೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದಿದ್ದವು. 20 ತಂಡಗಳು ತಲಾ 38 ಪಂದ್ಯ ಆಡುವ ಇಂದಿನ ಪ್ರೀಮಿಯರ್ ಲೀಗ್‌ನಲ್ಲೂ ಪ್ರಶಸ್ತಿಗಾಗಿ ಪ್ಲೇಆಫ್ ಇಲ್ಲದಿರುವುದಕ್ಕೆ ಇದೇ ಕಾರಣ.

ಡಿವಿಷನ್ ಎಂಬ ಒಂದೇ ಪದಕ್ಕೆ ಅಟ್ಲಾಂಟಿಕ್‌ನ ಎರಡು ದಡಗಳಲ್ಲಿ ಎರಡು ಅರ್ಥಗಳಿವೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಇಂಗ್ಲೆಂಡಿನಲ್ಲಿ ಅದು ಮೇಲು-ಕೆಳಗಿನ ಶ್ರೇಣಿ. ಕೆಳಗಿನವರು ಗೆದ್ದು ಮೇಲೇರುತ್ತಾರೆ, ಮೇಲಿನವರು ಸೋತು ಇಳಿಯುತ್ತಾರೆ. ಉತ್ತರ ಅಮೆರಿಕದಲ್ಲಿ ಅದು ಒಂದೇ ಮಟ್ಟದ ತಂಡಗಳನ್ನು ಅಕ್ಕಪಕ್ಕದ ಕೋಣೆಗಳಿಗೆ ಹಂಚುವ ಗೋಡೆ. ಶ್ರೇಣಿಯ ವ್ಯವಸ್ಥೆಗೂ ತನ್ನದೇ ಮುಜುಗರಗಳಿದ್ದವು. ಎರಡು ಶ್ರೇಣಿಗಳ ನಡುವಿನ ಬಡ್ತಿಯನ್ನು ತೀರ್ಮಾನಿಸುತ್ತಿದ್ದ 'ಟೆಸ್ಟ್ ಪಂದ್ಯ'ಗಳಲ್ಲಿ 1898ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ಮುಖಾಮುಖಿಯಾದವು. ಡ್ರಾ ಆದರೆ ಇಬ್ಬರಿಗೂ ಮೇಲಿನ ಶ್ರೇಣಿ ಖಚಿತವಾಗಿತ್ತು. ಪಂದ್ಯ 0-0ರಲ್ಲಿ ಮುಗಿಯಿತು. ಟೆಸ್ಟ್ ಪಂದ್ಯಗಳನ್ನೇ ರದ್ದುಪಡಿಸಿ, ಪಟ್ಟಿಯಲ್ಲಿನ ಸ್ಥಾನದ ಮೇಲೆ ನೇರ ಬಡ್ತಿ ನೀಡುವ ಪದ್ಧತಿ ಅಲ್ಲಿಂದ ಆರಂಭವಾಯಿತು. ಆದರೆ ಈ ಲೇಖನದ ವಿಷಯ ಅಡ್ಡಗೋಡೆಗಳ ಬಗೆಗಿನದು, ಆದ್ದರಿಂದ ಅಮೆರಿಕದತ್ತ ಹೊರಳಬೇಕು.

ಅಲ್ಲಿನ ಬೇಸ್‌ಬಾಲ್‌ನಲ್ಲಿ 1876ರಲ್ಲಿ ಹುಟ್ಟಿದ ನ್ಯಾಷನಲ್ ಲೀಗ್‌ಗೆ 1901ರಲ್ಲಿ ಅಮೆರಿಕನ್ ಲೀಗ್ ಪ್ರತಿಸ್ಪರ್ಧಿಯಾಗಿ ಬಂತು. ಎರಡರಲ್ಲೂ ಎಂಟೆಂಟು ತಂಡಗಳು. ದಶಕಗಳ ಕಾಲ ನಡೆದ 154 ಪಂದ್ಯಗಳ ವೇಳಾಪಟ್ಟಿಯ ಗುಟ್ಟು ಇದೇ: ಏಳು ಎದುರಾಳಿಗಳು, ಪ್ರತಿಯೊಬ್ಬರೊಂದಿಗೆ 22 ಪಂದ್ಯ. ಎರಡು ಲೀಗ್‌ಗಳ ತಂಡಗಳು ಋತುವಿನಲ್ಲಿ ಒಮ್ಮೆಯೂ ಪರಸ್ಪರ ಎದುರಾಗುತ್ತಿರಲಿಲ್ಲವಾದ್ದರಿಂದ, 1903ರಲ್ಲಿ ಆರಂಭವಾದ ವರ್ಲ್ಡ್ ಸೀರೀಸ್ ಉತ್ತರಿಸುತ್ತಿದ್ದ ಪ್ರಶ್ನೆ ನಿಜವಾದ ಪ್ರಶ್ನೆಯಾಗಿತ್ತು. ಮರುವರ್ಷವೇ ನ್ಯೂಯಾರ್ಕ್ ಜಯಂಟ್ಸ್ ತಂಡ ಆಡಲು ನಿರಾಕರಿಸಿದ್ದರಿಂದ 1904ರಲ್ಲಿ ಸರಣಿ ನಡೆಯಲೇ ಇಲ್ಲ ಎಂಬುದು ಬೇರೆ ಮಾತು. ಪ್ಲೇಆಫ್ ಎಂಬುದಕ್ಕೆ ಇರುವ ಅತ್ಯಂತ ಗಟ್ಟಿಯಾದ ಸಮರ್ಥನೆ ಇದು ಎಂದು ನನಗೆ ತೋರುತ್ತದೆ: ಅಂಕಪಟ್ಟಿ ಹೇಳಲಾಗದ್ದನ್ನು ಮಾತ್ರ ಅದು ಹೇಳಬೇಕು.

ಅಮೆರಿಕನ್ ಫುಟ್‌ಬಾಲ್‌ಗೆ ಈ ಪಾಠ ಒದಗಿದ್ದು ಆಕಸ್ಮಿಕವಾಗಿ. 1932ರಲ್ಲಿ ಎನ್‌ಎಫ್‌ಎಲ್ ಒಂದೇ ಪಟ್ಟಿಯ ಲೀಗ್ ಆಗಿತ್ತು. ಆದರೆ ತಂಡಗಳು ಒಂದೇ ಸಂಖ್ಯೆಯ ಪಂದ್ಯಗಳನ್ನು ಆಡುತ್ತಿರಲಿಲ್ಲ, ಟೈ ಆದ ಪಂದ್ಯಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆ ವರ್ಷ ಶಿಕಾಗೋ ಬೇರ್ಸ್ 6 ಗೆದ್ದು 1 ಸೋತು 6 ಪಂದ್ಯಗಳನ್ನು ಟೈ ಮಾಡಿಕೊಂಡಿತ್ತು. ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ 6 ಗೆದ್ದು 1 ಸೋತು 4 ಟೈ. ಹತ್ತು ಪಂದ್ಯ ಗೆದ್ದು ಮೂರು ಸೋತಿದ್ದ ಗ್ರೀನ್ ಬೇ ಪ್ಯಾಕರ್ಸ್, ಗೆಲುವಿನ ಸರಾಸರಿಯ ಲೆಕ್ಕದಲ್ಲಿ ಈ ಎರಡಕ್ಕಿಂತಲೂ ಕೆಳಗೆ! ಸಮಬಲ ಮುರಿಯಲು ಹೆಚ್ಚುವರಿ ಪಂದ್ಯವೊಂದನ್ನು ನಿಗದಿಪಡಿಸಲಾಯಿತು, ಕೊರೆಯುವ ಚಳಿ ಮತ್ತು ಹಿಮದ ಕಾರಣ ಅದನ್ನು ಶಿಕಾಗೋ ಸ್ಟೇಡಿಯಂನ ಒಳಾಂಗಣದಲ್ಲಿ, ಕೇವಲ 80 ಗಜ ಉದ್ದದ ಇಕ್ಕಟ್ಟಿನ ಮೈದಾನದಲ್ಲಿ ಆಡಲಾಯಿತು. ಬೇರ್ಸ್ 9-0ರಿಂದ ಗೆದ್ದಿತು. ಒಂದೇ ನಿರ್ಣಾಯಕ ಪಂದ್ಯ ಎಷ್ಟು ಆಸಕ್ತಿ ಹುಟ್ಟಿಸಬಲ್ಲದು ಎಂಬುದನ್ನು ಮಾಲೀಕರು ಕಂಡರು. 1933ರಲ್ಲಿ ಲೀಗ್ ಪೂರ್ವ, ಪಶ್ಚಿಮ ಎಂಬ ಎರಡು ವಿಭಾಗಗಳಾಗಿ ಒಡೆದು, ಎರಡರ ಅಗ್ರ ತಂಡಗಳ ನಡುವೆ ಫೈನಲ್ ನಡೆಸುವ ಕ್ರಮ ಜಾರಿಗೆ ಬಂತು. ಫೈನಲ್ ಬೇಕಾಗಿದ್ದರಿಂದ ವಿಭಾಗಗಳು ಬಂದವೇ ಹೊರತು, ವಿಭಾಗಗಳಿದ್ದುದರಿಂದ ಫೈನಲ್ ಬಂದದ್ದಲ್ಲ. ಈ ಹಿಂದುಮುಂದನ್ನು ಮರೆತರೆ ನಂತರದ ತೊಂಬತ್ತು ವರ್ಷಗಳ ಗೊಂದಲ ಅರ್ಥವಾಗುವುದಿಲ್ಲ.

ಬೇಸ್‌ಬಾಲ್ ಆ ಹಾದಿಗೆ ಬಂದದ್ದು ತಂಡಗಳ ಸಂಖ್ಯೆಯ ಒತ್ತಡದಿಂದ. 1961-62ರಲ್ಲಿ ಲೀಗ್‌ಗಳು ಹತ್ತು ತಂಡಗಳಿಗೆ ಬೆಳೆದಾಗ ಒಂಬತ್ತು ಎದುರಾಳಿಗಳೊಂದಿಗೆ ತಲಾ 18ರಂತೆ 162 ಪಂದ್ಯಗಳಾದವು. 1969ರಲ್ಲಿ ಹನ್ನೆರಡಾದಾಗ ಪ್ರತಿ ಲೀಗನ್ನೂ ಆರಾರು ತಂಡಗಳ ಎರಡು ವಿಭಾಗಗಳಾಗಿ ಸೀಳಿ, ಅವೆರಡರ ಅಗ್ರ ತಂಡಗಳಷ್ಟೇ ಪ್ಲೇಆಫ್‌ಗೆ ಹೋಗುವಂತೆ ಮಾಡಲಾಯಿತು. ಹನ್ನೆರಡನೆಯ ಸ್ಥಾನದಲ್ಲಿರುವ ತಂಡಕ್ಕೆ ಟಿಕೆಟ್ ಮಾರುವುದು ಕಷ್ಟ, ಆರನೆಯ ಸ್ಥಾನ ಅಷ್ಟು ಅವಮಾನಕರವಲ್ಲ ಎಂಬ ವ್ಯಾಪಾರಿ ಲೆಕ್ಕವೂ ಅದರಲ್ಲಿ ಇತ್ತು. ಆದರೂ ವೇಳಾಪಟ್ಟಿಯನ್ನು ರೂಪಿಸಿದವರು ಜಾಣರು: ತನ್ನ ವಿಭಾಗದ ಐದು ತಂಡಗಳೊಂದಿಗೆ 18ರಂತೆ 90 ಪಂದ್ಯ, ಆಚೆಯ ಆರರೊಂದಿಗೆ 12ರಂತೆ 72 ಪಂದ್ಯ. ಅಂದರೆ ವಿಭಾಗದ ಪಟ್ಟ ಒಂದು ನಿಜವಾದ ಸ್ಪರ್ಧೆಯ ಫಲವಾಗಿತ್ತು.

ಎಡವಿದ್ದು ಭೂಗೋಳದಲ್ಲಿ. ಆಗ್ನೇಯದ ಅಟ್ಲಾಂಟಾ ಮತ್ತು ಒಹಾಯೋದ ಸಿನ್ಸಿನಾಟಿ ನ್ಯಾಷನಲ್ ಲೀಗ್‌ನ ಪಶ್ಚಿಮ ವಿಭಾಗಕ್ಕೂ, ಅವೆರಡಕ್ಕಿಂತ ಪಶ್ಚಿಮದಲ್ಲಿರುವ ಶಿಕಾಗೋ ಮತ್ತು ಸೇಂಟ್ ಲೂಯಿಸ್ ಪೂರ್ವ ವಿಭಾಗಕ್ಕೂ ಸೇರಿದವು. ಇದನ್ನು ನಕ್ಕು ಬಿಟ್ಟುಬಿಡಬಹುದಿತ್ತು, 1993 ಬರದಿದ್ದರೆ. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ 103 ಪಂದ್ಯಗಳನ್ನು ಗೆದ್ದೂ ಮನೆಗೆ ಹೋಗಬೇಕಾಯಿತು, ಏಕೆಂದರೆ 'ಪಶ್ಚಿಮ'ದ ಅಟ್ಲಾಂಟಾ 104 ಗೆದ್ದಿತ್ತು. ಪೂರ್ವ ವಿಭಾಗವನ್ನು ಫಿಲಡೆಲ್ಫಿಯಾ ಗೆದ್ದದ್ದು 97 ಗೆಲುವುಗಳಿಂದ. ಇದರ ಇನ್ನೊಂದು ಮುಖವನ್ನು 1973ರಲ್ಲೇ ಜನ ನೋಡಿದ್ದರು: 82 ಗೆದ್ದು 79 ಸೋತ ನ್ಯೂಯಾರ್ಕ್ ಮೆಟ್ಸ್, 99 ಗೆದ್ದಿದ್ದ ಸಿನ್ಸಿನಾಟಿಯನ್ನು ಐದು ಪಂದ್ಯಗಳ ಸರಣಿಯಲ್ಲಿ ಮಣಿಸಿ ವರ್ಲ್ಡ್ ಸೀರೀಸ್ ತಲುಪಿತ್ತು.

1994ರಲ್ಲಿ ಮೂರು ವಿಭಾಗಗಳು ಮತ್ತು ಒಂದು ವೈಲ್ಡ್ ಕಾರ್ಡ್ (ವಿಭಾಗ ಗೆಲ್ಲದವರಲ್ಲಿ ಅತ್ಯುತ್ತಮ ತಂಡಕ್ಕೆ ಸಿಗುವ ಪ್ಲೇಆಫ್ ಪ್ರವೇಶ) ಬಂದವು. ಇದು ಜಯಂಟ್ಸ್‌ಗಾದ ಅನ್ಯಾಯದ ಫಲ ಎಂದು ಹಲವರು ನಂಬಿದ್ದಾರೆ. ವಾಸ್ತವವಾಗಿ 1993ರ ಋತು ಮುಗಿಯುವ ಮುನ್ನವೇ ಮಾಲೀಕರು ಬದಲಾವಣೆಗೆ ಒಪ್ಪಿಗೆ ಕೊಟ್ಟಾಗಿತ್ತು. ಆಟಗಾರರ ಮುಷ್ಕರದಿಂದ 1994ರ ಋತು ಆಗಸ್ಟ್‌ನಲ್ಲೇ ನಿಂತುಹೋದಾಗ ಅಮೆರಿಕನ್ ಲೀಗ್‌ನ ಹೊಸ, ನಾಲ್ಕೇ ತಂಡಗಳ ಪಶ್ಚಿಮ ವಿಭಾಗದಲ್ಲಿ ಮುಂದಿದ್ದ ಟೆಕ್ಸಸ್ ರೇಂಜರ್ಸ್‌ನ ಸಾಧನೆ 52 ಗೆಲುವು, 62 ಸೋಲು. ವಿಭಾಗ ಚಿಕ್ಕದಾದಷ್ಟೂ ದುರ್ಬಲ ವಿಜೇತರು ಹುಟ್ಟುವ ಸಂಭವ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಬೇಗ ಸಾಕ್ಷಿ ಸಿಗುವಂತಿರಲಿಲ್ಲ.

ಐಸ್ ಹಾಕಿಯ ಉದಾಹರಣೆ ಇನ್ನೂ ಕಟುವಾದದ್ದು. 1967ರಲ್ಲಿ ಎನ್‌ಎಚ್‌ಎಲ್ ಒಂದೇ ಏಟಿಗೆ ಆರರಿಂದ ಹನ್ನೆರಡು ತಂಡಗಳಿಗೆ ಬೆಳೆಯಿತು. ಆರು ಹಳಬರನ್ನು ಪೂರ್ವ ವಿಭಾಗದಲ್ಲಿ, ಆರು ಹೊಸಬರನ್ನು ಪಶ್ಚಿಮದಲ್ಲಿ ಕೂರಿಸಿ, ಫೈನಲ್‌ನಲ್ಲಿ ಹೊಸ ತಂಡವೊಂದು ಇದ್ದೇ ಇರುವಂತೆ ನೋಡಿಕೊಳ್ಳಲಾಯಿತು. ಹೊಸ ಮಾಲೀಕರಿಗೆ ಭರವಸೆ ಕೊಡುವ ಉದ್ದೇಶವೇನೋ ಅರ್ಥವಾಗುವಂಥದ್ದೇ. ಫಲ ಮಾತ್ರ ಹೀಗಿತ್ತು: ಸೇಂಟ್ ಲೂಯಿಸ್ ಬ್ಲೂಸ್ 1968, 1969, 1970ರಲ್ಲಿ ಸತತವಾಗಿ ಫೈನಲ್ ತಲುಪಿ, ಮೂರರಲ್ಲೂ ಒಂದೇ ಒಂದು ಪಂದ್ಯ ಗೆಲ್ಲದೆ 4-0ರಿಂದ ಸೋತಿತು. ಫೈನಲ್‌ಗೆ ಸಮಬಲರ ಹಣಾಹಣಿಯ ಹೆಸರಷ್ಟೇ ಉಳಿದಿತ್ತು. ಮರು ಋತುವಿನಲ್ಲಿ ಈ ಗೋಡೆಯನ್ನು ಕೆಡವುವಾಗಲೂ ಶಾಂತಸಾಗರದ ದಡದ ಹೊಸ ತಂಡ ವ್ಯಾಂಕೂವರ್ ಪೂರ್ವ ವಿಭಾಗಕ್ಕೆ ಬಿತ್ತು ಎಂಬುದನ್ನು ನೋಡಿದರೆ ನಕಾಶೆ ಯಾರ ಮೇಜಿನ ಮೇಲೂ ಇರಲಿಲ್ಲವೇನೋ ಅನ್ನಿಸುತ್ತದೆ.

ಇದೇ ಲೀಗ್ 1979ರಿಂದ ಎರಡು ಋತುಗಳ ಕಾಲ ತದ್ವಿರುದ್ಧವಾದ ಪ್ರಯೋಗವನ್ನೂ ಮಾಡಿತು. 21 ತಂಡಗಳು, ಪ್ರತಿಯೊಂದೂ ಉಳಿದ ಇಪ್ಪತ್ತರೊಂದಿಗೆ ನಾಲ್ಕು ಬಾರಿ, ಒಟ್ಟು 80 ಪಂದ್ಯ. ಆಮೇಲೆ ವಿಭಾಗಗಳನ್ನು ಪಕ್ಕಕ್ಕಿಟ್ಟು ಒಂದರಿಂದ ಹದಿನಾರರವರೆಗೆ ಶ್ರೇಯಾಂಕ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಅಚ್ಚುಕಟ್ಟಾದ ವೇಳಾಪಟ್ಟಿ ಆ ಖಂಡದಲ್ಲಿ ವಿರಳ. ಆದರೆ ಐದು ತಂಡಗಳನ್ನು ಹೊರಗಿಡಲು ಅಷ್ಟೊಂದು ಪಂದ್ಯಗಳೇಕೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ, ಪ್ರಯಾಣದ ಹೊರೆಯೂ ದೊಡ್ಡದಿತ್ತು. 1981ರಲ್ಲಿ ವಿಭಾಗಗಳನ್ನು ಭೌಗೋಳಿಕವಾಗಿ ಮರುರಚಿಸಿ, ನೆರೆಹೊರೆಯವರೇ ಪದೇ ಪದೇ ಸೆಣಸುವ ಪದ್ಧತಿಗೆ ಲೀಗ್ ಮರಳಿತು.

ಎನ್‌ಎಫ್‌ಎಲ್‌ನ ಇಂದಿನ ಕಾನ್ಫರೆನ್ಸ್‌ಗಳು, ಅಂದರೆ ಹಲವು ವಿಭಾಗಗಳನ್ನು ಒಳಗೊಂಡ ಎರಡು ದೊಡ್ಡ ಗುಂಪುಗಳು, 1970ರಲ್ಲಿ ಪ್ರತಿಸ್ಪರ್ಧಿ ಅಮೆರಿಕನ್ ಫುಟ್‌ಬಾಲ್ ಲೀಗ್‌ನೊಂದಿಗಿನ (ಎಎಫ್‌ಎಲ್) ವಿಲೀನದ ಕೂಸುಗಳು. ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್ ತಂಡಗಳು ಎಎಫ್‌ಎಲ್ ತಂಡಗಳ ಕಡೆಗೆ ಹೋಗಲು ಒಪ್ಪಿ 13-13ರ ಸಮತೋಲನ ಸಾಧ್ಯವಾಯಿತು. ಉಳಿದ ಹದಿಮೂರರೊಳಗೆ ಯಾರು ಯಾವ ವಿಭಾಗಕ್ಕೆ ಎಂಬ ಜಗಳ ಮಾತ್ರ ಬಗೆಹರಿಯಲೇ ಇಲ್ಲ. ಕೊನೆಗೆ ಕಮಿಷನರ್ ಪೀಟ್ ರೊಜೆಲ್ ಐದು ಯೋಜನೆಗಳನ್ನು ಚೀಟಿಗಳಲ್ಲಿ ಬರೆಸಿ ಹೂದಾನಿಯೊಂದರಲ್ಲಿ ಹಾಕಿಸಿದರು. ಅವರ ಕಾರ್ಯದರ್ಶಿ ಎತ್ತಿದ ಚೀಟಿಯೇ ತೀರ್ಮಾನವಾಯಿತು. ಟೆಕ್ಸಸ್‌ನ ಡಲ್ಲಾಸ್ ಇಂದಿಗೂ 'ಪೂರ್ವ' ವಿಭಾಗದಲ್ಲೇ ಇದೆ. ತವರು ಅಂಗಣದ ಹಕ್ಕು ಆಗ ಸಾಧನೆಗೆ ಅಲ್ಲ, ಸರದಿಗೆ ಸಿಗುತ್ತಿತ್ತು. 1972ರಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ಗೆದ್ದಿದ್ದ ಮಯಾಮಿ ಡಾಲ್ಫಿನ್ಸ್ ಕಾನ್ಫರೆನ್ಸ್ ಫೈನಲ್ ಆಡಲು ಪಿಟ್ಸ್‌ಬರ್ಗ್‌ಗೆ ಹೋಗಬೇಕಾಯಿತು. 1975ರಲ್ಲಿ ಆ ನಿಯಮ ಬದಲಾಯಿತು, ಆದರೆ ವಿಭಾಗ ವಿಜೇತರಿಗೆ ತವರು ಪಂದ್ಯ ಎಂಬ ಹೊಸ ಪಾವಿತ್ರ್ಯ ಹುಟ್ಟಿಕೊಂಡಿತು.

ಅದರ ಪರೀಕ್ಷೆ ನಡೆದದ್ದು 2010ರ ಋತುವಿನಲ್ಲಿ. 7 ಗೆದ್ದು 9 ಸೋತ ಸಿಯಾಟಲ್ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದು, 11 ಗೆದ್ದಿದ್ದ ನ್ಯೂ ಆರ್ಲಿಯನ್ಸ್ ತಂಡವನ್ನು ತನ್ನ ಅಂಗಣಕ್ಕೆ ಕರೆಸಿಕೊಂಡು 41-36ರಿಂದ ಸೋಲಿಸಿತು. ಹತ್ತು ಗೆದ್ದಿದ್ದ ನ್ಯೂಯಾರ್ಕ್ ಜಯಂಟ್ಸ್ ಮತ್ತು ಟ್ಯಾಂಪಾ ಬೇ ಟಿವಿಯಲ್ಲಿ ನೋಡಿದವು. ಸಿಯಾಟಲ್ ಗೆದ್ದದ್ದರಿಂದ ನಿಯಮ ಸರಿಯೆಂದು ಸಾಬೀತಾಯಿತು ಎಂದು ವಾದಿಸಿದವರಿದ್ದಾರೆ. ತವರಿನ ಲಾಭ ಪಡೆದವರು ಗೆದ್ದದ್ದು ಆ ಲಾಭ ಅವರಿಗೆ ಸಲ್ಲಬೇಕಿತ್ತು ಎಂಬುದಕ್ಕೆ ಪುರಾವೆಯಾಗದು.

ಹಾಗಿದ್ದರೂ ಈ ಲೀಗ್‌ನ ವಿಭಾಗಗಳ ಪರವಾಗಿ ಹೇಳಬೇಕಾದ ಮಾತೊಂದಿದೆ. 2002ರಿಂದ 32 ತಂಡಗಳು ನಾಲ್ಕರಂತೆ ಎಂಟು ವಿಭಾಗಗಳಲ್ಲಿವೆ, 2021ರಿಂದ ತಲಾ 17 ಪಂದ್ಯ. ವಿಭಾಗದೊಳಗಿನ ಪಂದ್ಯಗಳು ಆರೇ ಆದರೂ, ನಾಲ್ಕೂ ತಂಡಗಳು ಬೇರೆ ಎರಡು ವಿಭಾಗಗಳ ಎಂಟೂ ತಂಡಗಳನ್ನು ಸಮಾನವಾಗಿ ಎದುರಿಸುತ್ತವೆ. ಹದಿನೇಳರಲ್ಲಿ ಹದಿನಾಲ್ಕು ಪಂದ್ಯಗಳ ಮಟ್ಟಿಗೆ ಅವುಗಳ ಪರೀಕ್ಷೆ ಒಂದೇ. ಆದ್ದರಿಂದ ವಿಭಾಗದೊಳಗಿನ ಹೋಲಿಕೆ ನ್ಯಾಯವಾದದ್ದು, ವಿಭಾಗದಾಚೆಯ ಹೋಲಿಕೆಯೇ ಸಂದೇಹಾಸ್ಪದ. ವಿಜೇತರಿಗೆ ಪ್ಲೇಆಫ್ ಪ್ರವೇಶ ಕೊಡುವುದಕ್ಕೆ ಇದು ಸಾಕು. ಹೆಚ್ಚು ಗೆದ್ದವರ ಮೇಲೆ ತವರು ಅಂಗಣವನ್ನೂ ಕೊಡುವುದಕ್ಕೆ ಸಾಲದು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದರ ವಿರುದ್ಧ ಸ್ಥಿತಿ. ಎನ್‌ಬಿಎಯ 82 ಪಂದ್ಯಗಳಲ್ಲಿ ವಿಭಾಗದೊಳಗಿನವು 16 ಮಾತ್ರ. ಆದರೂ 2004ರಲ್ಲಿ ಆರು ವಿಭಾಗಗಳಾದಾಗ ಪ್ರತಿ ಕಾನ್ಫರೆನ್ಸ್‌ನ ಮೂವರು ವಿಭಾಗ ವಿಜೇತರಿಗೆ ಮೊದಲ ಮೂರು ಶ್ರೇಯಾಂಕ ಮೀಸಲಾಯಿತು. 2006ರಲ್ಲಿ ಪಶ್ಚಿಮದ ಎರಡು ಅತ್ಯುತ್ತಮ ತಂಡಗಳಾದ ಸ್ಯಾನ್ ಆಂಟೋನಿಯೋ (63 ಗೆಲುವು) ಮತ್ತು ಡಲ್ಲಾಸ್ (60) ಒಂದೇ ವಿಭಾಗದವಾಗಿದ್ದರಿಂದ ಎರಡನೆಯ ಸುತ್ತಿನಲ್ಲೇ ಡಿಕ್ಕಿ ಹೊಡೆದವು. ನಿಯಮವನ್ನು ಮರುವರ್ಷ ಸಡಿಲಿಸಿ, 2015ರಲ್ಲಿ ಪೂರ್ತಿಯಾಗಿ ಕೈಬಿಡಲಾಯಿತು. ಅಲ್ಲಿ ಈಗ ವಿಭಾಗದ ಪಟ್ಟ ಹೆಸರಿಗಷ್ಟೇ. ಕಾನ್ಫರೆನ್ಸ್‌ಗಳ ಗೋಡೆ ಮಾತ್ರ ಗಟ್ಟಿಯಾಗಿದೆ: 2008ರಲ್ಲಿ ಪಶ್ಚಿಮದ ಗೋಲ್ಡನ್ ಸ್ಟೇಟ್ 48 ಗೆದ್ದು ಹೊರಗುಳಿದಾಗ, ಪೂರ್ವದ ಅಟ್ಲಾಂಟಾ 37 ಗೆದ್ದು ಒಳಗೆ ಬಂತು. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ 2016ರಲ್ಲೇ ಕಾನ್ಫರೆನ್ಸ್ ನೋಡದೆ ಅಗ್ರ ಎಂಟು ತಂಡಗಳನ್ನು ಆರಿಸಲು ಆರಂಭಿಸಿತು. ಪುರುಷರ ಲೀಗ್ ಪ್ರಯಾಣದ ಕಾರಣ ಹೇಳುತ್ತಲೇ ಇದೆ.

ವಿಭಾಗಗಳನ್ನೇ ತೆಗೆದುಹಾಕಿದರೆ ಸರಿಹೋಗುತ್ತದೆ ಎನ್ನುವವರು ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಅನ್ನು (ಇದರ ಹೆಸರೂ ಎಎಫ್‌ಎಲ್, ಅಮೆರಿಕದ ಲೀಗ್ ಅಲ್ಲ) ನೋಡಬೇಕು. ಅಲ್ಲಿ 18 ತಂಡಗಳಿಗೆ ಒಂದೇ ಪಟ್ಟಿ, ಆದರೆ ತಲಾ 23 ಪಂದ್ಯ. ಪ್ರತಿ ತಂಡ ಆರು ಎದುರಾಳಿಗಳನ್ನು ಎರಡು ಬಾರಿ, ಹನ್ನೊಂದನ್ನು ಒಂದೇ ಬಾರಿ ಎದುರಿಸುತ್ತದೆ. ಪಟ್ಟಿ ಒಂದೇ ಇದ್ದರೂ ಪ್ರಶ್ನೆಪತ್ರಿಕೆಗಳು ಹದಿನೆಂಟು. ಆ ದೇಶದ ಕೊಡುಗೆ ಇರುವುದು ಪ್ಲೇಆಫ್‌ನ ರಚನೆಯಲ್ಲಿ. 1931ರಲ್ಲಿ ವಿಕ್ಟೋರಿಯಾದ ಫುಟ್‌ಬಾಲ್ ಲೀಗ್ ಅಳವಡಿಸಿಕೊಂಡ ಪೇಜ್ ಪದ್ಧತಿಯಲ್ಲಿ ಮೊದಲೆರಡು ಸ್ಥಾನದವರು ಪರಸ್ಪರ ಆಡುತ್ತಾರೆ. ಗೆದ್ದವರು ನೇರ ಫೈನಲ್‌ಗೆ, ಸೋತವರಿಗೆ ಮೂರು-ನಾಲ್ಕನೆಯವರ ಪಂದ್ಯದ ವಿಜೇತರೊಂದಿಗೆ ಇನ್ನೊಂದು ಅವಕಾಶ. ಐಪಿಎಲ್ 2011ರಿಂದ ಅನುಸರಿಸುತ್ತಿರುವುದು ಇದನ್ನೇ. ಋತುವಿನುದ್ದಕ್ಕೂ ಗೆದ್ದದ್ದಕ್ಕೆ ಬೆಲೆಯಿದೆ, ಕೊನೆಯ ಪಂದ್ಯಕ್ಕೂ ಕುತೂಹಲವಿದೆ.

ಬೇಸ್‌ಬಾಲ್ ಈ ಎರಡನೆಯ ಅವಕಾಶವನ್ನು ಕೊಡದೆ ವೈಲ್ಡ್ ಕಾರ್ಡ್‌ಗಳನ್ನಷ್ಟೇ ಹೆಚ್ಚಿಸುತ್ತ ಹೋಯಿತು. 2012ರಲ್ಲಿ ಒಂದೇ ಪಂದ್ಯದ ವೈಲ್ಡ್ ಕಾರ್ಡ್ ಸುತ್ತು ಬಂದ ಮೂರೇ ವರ್ಷಕ್ಕೆ, ಇಡೀ ಬೇಸ್‌ಬಾಲ್‌ನ ಮೂರು ಅತ್ಯುತ್ತಮ ತಂಡಗಳು ಒಂದೇ ವಿಭಾಗದಲ್ಲಿ ನೆರೆದವು. 98 ಗೆದ್ದಿದ್ದ ಪಿಟ್ಸ್‌ಬರ್ಗ್‌ನ ಋತು 97 ಗೆದ್ದಿದ್ದ ಶಿಕಾಗೋ ಕಬ್ಸ್ ಎದುರು ಒಂದೇ ರಾತ್ರಿಯಲ್ಲಿ ಮುಗಿಯಿತು. 2022ರಲ್ಲಿ ಹನ್ನೆರಡು ತಂಡಗಳು ಮತ್ತು ಮೂರು ಪಂದ್ಯಗಳ ಮೊದಲ ಸುತ್ತು ಬಂದವು. 2023ರಿಂದ ಪ್ರತಿ ತಂಡವೂ ಉಳಿದೆಲ್ಲ ತಂಡಗಳನ್ನು ಎದುರಿಸುತ್ತದೆ, ವಿಭಾಗದೊಳಗಿನ ಪಂದ್ಯಗಳು 76ರಿಂದ 52ಕ್ಕೆ ಇಳಿದಿವೆ. ವಿಚಿತ್ರವೆಂದರೆ, 1969ರಲ್ಲಿ 90 ಪಂದ್ಯಗಳ ಬಲದಿಂದ ಗಳಿಸಿದ್ದ ಗೌರವವನ್ನು ವಿಭಾಗ ವಿಜೇತರು 52 ಪಂದ್ಯಗಳ ಮೇಲೂ ಹಾಗೆಯೇ ಅನುಭವಿಸುತ್ತಿದ್ದಾರೆ. ಮೊದಲ ಮೂರು ಶ್ರೇಯಾಂಕ ಇನ್ನೂ ಅವರಿಗೇ ಮೀಸಲು. ವೇಳಾಪಟ್ಟಿ ಬದಲಾದಾಗ ಶ್ರೇಯಾಂಕದ ನಿಯಮವೂ ಅದರ ಜೊತೆಗೇ ಬದಲಾಗಬೇಕಿತ್ತು.

ಎನ್‌ಎಫ್‌ಎಲ್‌ನಲ್ಲಿ ಇದೇ ಪ್ರಶ್ನೆ ತೀರಾ ಇತ್ತೀಚೆಗೆ ಮತಕ್ಕೆ ಬರುವ ಹಂತ ತಲುಪಿತ್ತು. 2024ರ ಋತುವಿನಲ್ಲಿ 14 ಗೆದ್ದ ಮಿನ್ನೆಸೋಟ ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆದ ಕಾರಣ ಐದನೆಯ ಶ್ರೇಯಾಂಕಕ್ಕೆ ಇಳಿದು, ಹತ್ತು ಗೆದ್ದಿದ್ದ ಲಾಸ್ ಏಂಜಲೀಸ್ ರಾಮ್ಸ್‌ನ ಅತಿಥಿಯಾಗಿ ಆಡಿ ಸೋತಿತು. ಗೆಲುವಿನ ದಾಖಲೆಯ ಮೇಲೆಯೇ ಶ್ರೇಯಾಂಕ ನೀಡಬೇಕೆಂದು 2025ರಲ್ಲಿ ಪ್ರಸ್ತಾವ ಮುಂದಿಟ್ಟದ್ದು ಮಿನ್ನೆಸೋಟ ಅಲ್ಲ, ಆ ವಿಭಾಗವನ್ನು ಗೆದ್ದು ಹಳೆಯ ನಿಯಮದ ಲಾಭ ಪಡೆದಿದ್ದ ಡೆಟ್ರಾಯಿಟ್. ಉಳಿದ ಮಾಲೀಕರ ಸಾಕಷ್ಟು ಬೆಂಬಲ ಕಾಣದೆ ಮೇ ತಿಂಗಳಲ್ಲಿ ಅದೇ ತಂಡ ಪ್ರಸ್ತಾವವನ್ನು ಹಿಂತೆಗೆದುಕೊಂಡಿತು.