ಎಂಎಸ್ಸಿ ಗಣಿತ ಮುಗೀತು, ಈಗ ‘ದತ್ತ’ ಯಾರು ಕೊಡ್ತಾರೆ?

“ಸರ್, ಮ್ಯಾಥ್ಸ್ ಓದಿದ್ರೆ ಲೆಕ್ಚರರ್ ಬಿಟ್ಟು ಇನ್ನೇನು ಆಗಬಹುದು?” ಇನ್ಶೂರೆನ್ಸ್ ಪ್ರೀಮಿಯಂ ಲೆಕ್ಕ ಹಾಕುವ ಆಕ್ಚುಯರಿ ಟೀಮಿಗೆ ಹೊಸಬರನ್ನು ಆರಿಸೋದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ಬರ್ತಾನೇ ಇರುತ್ತದೆ.

ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಗಣಿತದಲ್ಲಿ ಎಂಎ ಮುಗಿಸಿ, ಕೆಲಸ ಹುಡುಕಿಕೊಂಡು ಕಲ್ಕತ್ತಾಗೆ ಹೋದವರು. ಆ ಕೆಲಸ ಸಿಗಲಿಲ್ಲ. 1941ರಲ್ಲಿ ಅಲ್ಲಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ತರಬೇತಿಗೆ ಸೇರಿದರು. ಅವರು 1945ರಲ್ಲಿ ಬರೆದ ಪೇಪರ್ ಇವತ್ತಿಗೂ ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ಪಾಠ.

ನಾವೆಲ್ಲ ರಾವ್ ಅಲ್ಲ, ಬಿಡಿ. ಹೈಸ್ಕೂಲಿನ ಪ್ರಮೇಯ ನೆನಪಿದೆಯಾ? ದತ್ತ, ಸಾಧನೀಯ, ರಚನೆ, ಸಾಧನೆ. ಎಂಎಸ್ಸಿವರೆಗೂ ನಾವು ಮಾಡೋದು ಅದನ್ನೇ, ದತ್ತವನ್ನು ಮಾತ್ರ ಯಾರೂ ಅನುಮಾನಿಸೋದಿಲ್ಲ. ನನ್ನ ಮೊದಲ ಕೆಲಸದಲ್ಲಿ ಒಂದು ಫೈಲ್ ಕೊಟ್ಟರು, ಸೂತ್ರ ಹಾಕಿದೆ, ಎರಡು ಸಲ ಸರಿ ನೋಡಿದೆ, ಹೆಮ್ಮೆಯಿಂದ ಕಳಿಸಿದೆ. ನಮ್ಮ ಮೇಡಂ ಐದು ನಿಮಿಷಕ್ಕೆ ವಾಪಸ್ ಕರೆದರು. ಪಾಲಿಸಿದಾರರಲ್ಲಿ ನೂರು ದಾಟಿದ ಅಜ್ಜ ಅಜ್ಜಿಯರೇ ಸಾಲಾಗಿ ಕೂತಿದ್ದರು! ಹುಟ್ಟಿದ ದಿನ ಖಾಲಿ ಇದ್ದ ಕಡೆಯೆಲ್ಲ ಸಿಸ್ಟಮ್ 01-01-1900 ಅಂತ ತುಂಬಿತ್ತು. ಸೂತ್ರ ಸರಿ, ಉತ್ತರ ತಪ್ಪು.

ಹಾಗಂತ ಗಣಿತ ಓದಿದ್ದು ದಂಡ ಅಲ್ಲ. ನಲವತ್ತು ವಯಸ್ಸಿನ ಸಾವಿರ ಜನರಲ್ಲಿ ವರ್ಷಕ್ಕೆ ಇಬ್ಬರು ಸಾಯುತ್ತಾರೆ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೂ 10 ಲಕ್ಷದ ಪಾಲಿಸಿ. ತಲೆಗೆ 2,000 ರೂಪಾಯಿ ಸಾಕು, ಅಲ್ವಾ? ಇಂಟರ್‌ವ್ಯೂನಲ್ಲಿ ಇದನ್ನೇ ಕೇಳುತ್ತೇನೆ. ಭಾಗಾಕಾರ ಎಲ್ಲರೂ ಮಾಡುತ್ತಾರೆ. ಗಣಿತ ಚೆನ್ನಾಗಿ ಓದಿದವರು ಮಾತ್ರ ಒಂದು ಕ್ಷಣ ನಿಲ್ಲುತ್ತಾರೆ: ಈ ಇಬ್ಬರು ಅನ್ನೋದು ಎಲ್ಲರನ್ನೂ ಎಣಿಸಿದ್ದಾ, ಇಲ್ಲ ಪಾಲಿಸಿ ಕೊಂಡವರನ್ನು ಮಾತ್ರವಾ? ಮುಂದಿನ ವರ್ಷ ಆರೋಗ್ಯವಂತರು ಬಿಟ್ಟುಹೋಗಿ ಕಾಯಿಲೆಯವರೇ ಉಳಿದರೆ ಲೆಕ್ಕ ಏನಾಗುತ್ತೆ? ಒಂದು ಷರತ್ತು ತೆಗೆದರೆ ಪ್ರಮೇಯ ಎಲ್ಲಿ ಮುರಿಯುತ್ತೆ ಅಂತ ವರ್ಷಗಟ್ಟಲೆ ನೋಡಿದ ಕಣ್ಣು ಅದು. ಎಂಎಸ್ಸಿಯ ಟೊಪಾಲಜಿ ಪಾಠವನ್ನು ಆಫೀಸಿನಲ್ಲಿ ಒಂದು ದಿನವೂ ಬಳಸಿಲ್ಲ, ಆದರೆ ಈ ಅಭ್ಯಾಸ ಹತ್ತಿದ್ದು ಅಲ್ಲೇ.

ಈ ದಾರಿಗೆ ಬರೋದಾದರೆ ಮೊದಲು ಆಕ್ಚುಯರಿ ಆಗಲು ಬರೆಯುವ ಎಸಿಇಟಿ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಕೆಲಸ ಮಾಡುತ್ತಲೇ ವರ್ಷಾನುಗಟ್ಟಲೆ ಪೇಪರ್ ಪಾಸು ಮಾಡಬೇಕು. ಫೇಲಾಗೋದು ಮಾಮೂಲು, ನಾನೂ ಆಗಿದ್ದೇನೆ. ಕೊನೇ ಸೆಮಿಸ್ಟರ್‌ನಲ್ಲೇ ಪ್ರಾಬಬಿಲಿಟಿ ಗಟ್ಟಿ ಮಾಡಿಕೊಳ್ಳಿ, ಸ್ವಲ್ಪ ಎಕ್ಸೆಲ್ ಕಲಿಯಿರಿ. ಮತ್ತೆ ಯಾರೇ ಫೈಲ್ ಕೊಟ್ಟರೂ ವಯಸ್ಸಿನ ಕಾಲಮ್ಮನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿ.