1968ರ ಡ್ರೈವರ್ ಹಳೆಯದಲ್ಲ

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಸಿಸ್ಟಂ ಡಿವೈಸಸ್' ಪಟ್ಟಿಯಲ್ಲಿರುವ ಇಂಟೆಲ್ ಚಿಪ್‌ಸೆಟ್ಟಿನ (ಮದರ್‌ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್ಪುಗಳ) ಯಾವುದಾದರೂ ಒಂದು ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ 'ಡ್ರೈವರ್' ಟ್ಯಾಬ್ ನೋಡಿ. ಡ್ರೈವರ್ ಎಂದರೆ ಒಂದು ಬಿಡಿಭಾಗವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಪುಟ್ಟ ತಂತ್ರಾಂಶ. ಹಲವು ಯಂತ್ರಗಳಲ್ಲಿ ಅಲ್ಲಿ ಕಾಣುವ ತಾರೀಖು 18-07-1968. ಆಗ ವಿಂಡೋಸ್ ಹೋಗಲಿ, ಮೈಕ್ರೊಪ್ರೊಸೆಸರೇ ಹುಟ್ಟಿರಲಿಲ್ಲ; ಇಂಟೆಲ್‌ನ 4004 ಬಂದದ್ದು 1971ರಲ್ಲಿ. 'ಡ್ರೈವರ್ ಅಪ್‌ಡೇಟರ್' ಎಂಬ ಹೆಸರಿನ ಪುಕ್ಕಟೆ ತಂತ್ರಾಂಶಗಳಿಗೆ ಇಂಥ ತಾರೀಖು ಕಂಡರೆ ಹಬ್ಬ. ನಿಮ್ಮ ಡ್ರೈವರ್‌ಗಳೆಲ್ಲ ಓಬೀರಾಯನ ಕಾಲದವು, ಹಣ ಕಟ್ಟಿದರೆ ಸರಿಮಾಡುತ್ತೇವೆ ಎಂದು ಕೆಂಪು ಅಕ್ಷರದಲ್ಲಿ ಬೊಬ್ಬೆ ಹೊಡೆಯುತ್ತವೆ.

ಆ ತಾರೀಖು ಇಂಟೆಲ್ ಕಂಪನಿ ಸ್ಥಾಪನೆಯಾದ ದಿನ. ಬೇಕೆಂದೇ ಹಾಕಿದ್ದು. ಒಂದು ಬಿಡಿಭಾಗಕ್ಕೆ ಎರಡು ಡ್ರೈವರ್ ಸಮಾನವಾಗಿ ಹೊಂದಿದರೆ ವಿಂಡೋಸ್ ಹೊಸ ತಾರೀಖಿನದನ್ನು ಆರಿಸುತ್ತದೆ. ತಾರೀಖೂ ಒಂದೇ ಆದರೆ ಆವೃತ್ತಿಯ ಸಂಖ್ಯೆ ನೋಡುತ್ತದೆ. ಇಂಟೆಲ್‌ನ ಚಿಪ್‌ಸೆಟ್ ಫೈಲು ಹೆಚ್ಚಿನ ಕಡೆ ಮಾಡುವ ಕೆಲಸ ಬಿಡಿಭಾಗಕ್ಕೆ ಸರಿಯಾದ ಹೆಸರು ಕೊಡುವುದಷ್ಟೆ. ನಿಜವಾಗಿ ದುಡಿಯುವ ಡ್ರೈವರ್ ಬೇರೊಂದಿದ್ದರೆ ಅದರ ದಾರಿಗೆ ಇದು ಅಡ್ಡ ಬರಬಾರದು. ಆದ್ದರಿಂದ ಯಾವ ತಾರೀಖಿನ ಎದುರೂ ಸೋಲುವಂಥ ತಾರೀಖು. ಮೈಕ್ರೊಸಾಫ್ಟ್ ಕೂಡ ವಿಂಡೋಸ್ ಜೊತೆಗೇ ಕೊಡುವ ತನ್ನ ಡ್ರೈವರ್‌ಗಳಿಗೆ 21-06-2006 ಎಂದು ಹಾಕುತ್ತದೆ, ಉದ್ದೇಶ ಅದೇ. ಅಂದಮೇಲೆ ಇದು ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖಲ್ಲ, ಪೈಪೋಟಿಯಲ್ಲಿ ಸರದಿ ನಿರ್ಧರಿಸುವ ಒಂದು ಅಂಕೆ. ಅದನ್ನು ನೋಡಿ ಅಪ್‌ಡೇಟ್ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ಶುದ್ಧ ಮೂಢನಂಬಿಕೆ. ಡೆಸ್ಕ್‌ಟಾಪಿನ ಮೇಲೆ ಹತ್ತು ಸಲ 'ರಿಫ್ರೆಶ್' ಒತ್ತಿದರೆ ಯಂತ್ರ ಚುರುಕಾಗುತ್ತದೆ ಎಂಬ ನಂಬಿಕೆಯ ಪಕ್ಕದಲ್ಲೇ ಇದನ್ನೂ ಕೂರಿಸಬಹುದು.

ನೋಡಬೇಕಾದದ್ದು ಬೇರೆ ಸಂಖ್ಯೆ, ಬಿಡಿಭಾಗ ತನ್ನ ಗುರುತು ತಾನೇ ಹೇಳುವ ಸಂಖ್ಯೆ. ಅದು ಯಾಕೆ ಬಂತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಐಎಸ್‌ಎ ಎಂಬ ಹಳೆಯ ಬಗೆಯ ಕಾರ್ಡುಗಳ ಕಾಲದಲ್ಲಿ ಕಾರ್ಡಿಗೆ ಬಾಯಿಯೇ ಇರಲಿಲ್ಲ. ಸೌಂಡ್ ಕಾರ್ಡಿಗೆ ಐಆರ್‌ಕ್ಯು (ಪ್ರೊಸೆಸರನ್ನು ಕರೆಯುವ ಸಾಲಿನ ಸಂಖ್ಯೆ) 5 ಬೇಕೋ 7 ಬೇಕೋ ಎಂದು ಚಿಮಟದಲ್ಲಿ ಜಂಪರ್ ಎಂಬ ಪುಟ್ಟ ಕೊಂಡಿ ಕಿತ್ತು ಹಾಕಿ ಹೊಂದಿಸಬೇಕಿತ್ತು. 7 ಪ್ರಿಂಟರ್ ಪೋರ್ಟಿನದೂ ಹೌದು, ಹಾಗಾಗಿ ಹಾಡು ಹಚ್ಚಿದರೆ ಮುದ್ರಣ ನಿಲ್ಲುವ ತಮಾಷೆಯೂ ನಡೆಯುತ್ತಿತ್ತು. 1992ರಲ್ಲಿ ಇಂಟೆಲ್ ಪಿಸಿಐ ಬಸ್ (ಬಿಡಿಭಾಗಗಳ ನಡುವೆ ಮಾಹಿತಿ ಸಾಗುವ ದಾರಿ) ತಂದಾಗ ಪ್ರತಿ ಬಿಡಿಭಾಗದೊಳಗೂ 256 ಬೈಟಿನ ಒಂದು ಜಾಗ ಕಡ್ಡಾಯವಾಯಿತು. ಅದರ ಮೊದಲ ಎರಡು ಬೈಟು ತಯಾರಕರ ಸಂಖ್ಯೆ, ಮುಂದಿನ ಎರಡು ಮಾದರಿಯ ಸಂಖ್ಯೆ. ಯಂತ್ರ ಆನ್ ಆದಾಗ ಬೋರ್ಡಿನಲ್ಲೇ ಕೂತಿರುವ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಬಸ್ಸಿನ ಉದ್ದಕ್ಕೂ 'ಯಾರಿದ್ದೀರಿ?' ಎಂದು ಕೇಳುತ್ತ ಹೋಗುತ್ತದೆ. ನಿಯಮದ ಪ್ರಕಾರ 256 ಬಸ್, ಬಸ್ಸಿಗೆ 32 ಬಿಡಿಭಾಗ, ಬಿಡಿಭಾಗಕ್ಕೆ 8 ಕಾರ್ಯಗಳ ತನಕ ಇರಬಹುದು. ಯಾರೂ ಇಲ್ಲದ ಕಡೆಯಿಂದ ಉತ್ತರವಾಗಿ ಬರುವುದು ಬರೀ ಒಂದುಗಳು, ಅಂದರೆ ಹೆಕ್ಸಾಡೆಸಿಮಲ್ ಎಂಬ ಹದಿನಾರರ ಎಣಿಕೆಯಲ್ಲಿ ನಾಲ್ಕು 'ಎಫ್'. ಅದಕ್ಕೇ ಆ ಸಂಖ್ಯೆಯನ್ನು ಯಾವ ಕಂಪನಿಗೂ ಕೊಟ್ಟಿಲ್ಲ. ಇಂಟೆಲ್ ತನಗೆ ಇಟ್ಟುಕೊಂಡದ್ದು 8086. 1978ರ ತನ್ನ ಹೆಸರುವಾಸಿ ಪ್ರೊಸೆಸರಿನ ಸಂಖ್ಯೆಯನ್ನೇ. ಎಎಂಡಿ 1022, ಅದರ ಗ್ರಾಫಿಕ್ಸ್ 1002, ಎನ್‌ವಿಡಿಯಾ 10ಡಿಇ, ರಿಯಲ್‌ಟೆಕ್ 10ಇಸಿ.

(ಗುರುತು ಸಿಕ್ಕಿತೆಂದು ತೊಂದರೆಗಳೆಲ್ಲ ಮುಗಿಯಲಿಲ್ಲ ಅನ್ನಿ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ಎದುರಿಗೇ ವಿಂಡೋಸ್ 98ಕ್ಕೆ ಒಂದು ಸ್ಕ್ಯಾನರ್ ಜೋಡಿಸಿದ್ದೇ ತಡ, ಪರದೆ ನೀಲಿಯಾಯಿತು.)

ಈ ಸಂಖ್ಯೆ ನಿಮಗೆ ಯಾವಾಗ ಬೇಕಾಗುತ್ತದೆ? ಮುಂಬಯಿಯಲ್ಲಿ ಇದಕ್ಕೆ ಉತ್ತರ ಲ್ಯಾಮಿಂಗ್ಟನ್ ರೋಡ್. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಮಾಟುಂಗದಿಂದಲೋ ಡೊಂಬಿವಲಿಯಿಂದಲೋ ಹೋಗಿ, ಊರಿನಲ್ಲಿ ಕಾಲೇಜು ಓದುವ ತಂಗಿಯ ಮಗನಿಗೆಂದು ಒಂದು ಕೊಂಡರೆ ಅಂಗಡಿಯವನು 'ಸಬ್ ಡ್ರೈವರ್ ಡಾಲ್ ದಿಯಾ ಹೈ' (ಎಲ್ಲ ಡ್ರೈವರ್ ಹಾಕಿಯಾಗಿದೆ) ಎಂದು ಕೈಗಿಡುತ್ತಾನೆ. ಮುಚ್ಚಳದ ಮೇಲೆ ಒಂದು ಹೆಸರು, ಕೆಳಗಿನ ಸ್ಟಿಕ್ಕರು ಬೆವರಿಗೂ ಮಳೆಗಾಲದ ತೇವಕ್ಕೂ ಅಳಿಸಿದೆ, ಒಳಗೆ ವೈಫೈ ಕಾರ್ಡು ಬದಲಾಗಿದೆಯೋ ಇಲ್ಲವೋ ದೇವರೇ ಬಲ್ಲ. ಆಗ ಮೊದಲು, ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿದರೆ ತೆರೆಯುವ ರನ್ ಪೆಟ್ಟಿಗೆಯಲ್ಲಿ 'ಎಂಎಸ್‌ಇನ್ಫೋ32' ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಮಾದರಿಯ ಹೆಸರೂ ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ ಫರ್ಮ್‌ವೇರ್) ಆವೃತ್ತಿಯೂ ಅಲ್ಲಿ ಸಿಗುತ್ತವೆ. ಇದು ಮದರ್‌ಬೋರ್ಡಿನಲ್ಲಿ ಬರೆದದ್ದು, ಮುಚ್ಚಳ ಬದಲಾಯಿಸಿದರೂ ಬದಲಾಗದು.

ಆಮೇಲೆ ಬಿಡಿಭಾಗಗಳು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್, ಡಿವೈಸ್ ಮ್ಯಾನೇಜರ್, ಹಳದಿ ತ್ರಿಕೋನವಿರುವ ಸಾಲು, ಪ್ರಾಪರ್ಟೀಸ್, 'ಡೀಟೇಲ್ಸ್' ಟ್ಯಾಬ್, ಕೆಳಗಿಳಿಯುವ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡಿಸ್'. ನಾಲ್ಕೈದು ಸಾಲು ಕಾಣುತ್ತವೆ, ಎಲ್ಲಕ್ಕಿಂತ ಮೇಲಿನದು ಉದ್ದ. ಒಂದು ವೈಫೈ ಕಾರ್ಡಿನ ಸಾಲನ್ನೇ ಬಿಡಿಸಿ ನೋಡೋಣ: ವೆಂಡರ್ 8086, ಡಿವೈಸ್ 2723, ಸಬ್‌ಸಿಸ್ಟಂ 00848086, ರಿವಿಷನ್ 1ಎ. 8086 ಇಂಟೆಲ್. 2723 ಅಂದರೆ ಎಎಕ್ಸ್200 ಎಂಬ ವೈಫೈ 6 ಕಾರ್ಡು. 2725 ಇದ್ದರೆ ಎಎಕ್ಸ್210. ಸಬ್‌ಸಿಸ್ಟಂನ ಎಂಟು ಅಂಕೆಗಳಲ್ಲಿ ಕೊನೆಯ ನಾಲ್ಕು ಆ ಚಿಪ್ಪನ್ನು ಕೂರಿಸಿದವರದು: ಡೆಲ್ 1028, ಎಚ್‌ಪಿ 103ಸಿ, ಲೆನೊವೊ 17ಎಎ, ಏಸರ್ 1025, ಏಸಸ್ 1043. ಇಂಟೆಲ್ ವೈಫೈ ಕಾರ್ಡುಗಳು ಯಾರ ಲ್ಯಾಪ್‌ಟಾಪಿನಲ್ಲಿದ್ದರೂ ಸಾಮಾನ್ಯವಾಗಿ ಇಲ್ಲಿ 8086 ಎಂದೇ ಹೇಳುತ್ತವೆ. ಆದ್ದರಿಂದ ಬೋರ್ಡು ಯಾರದೆಂದು ಪತ್ತೆ ಮಾಡಲು ವೈಫೈ ಬಿಟ್ಟು ಚಿಪ್‌ಸೆಟ್ಟಿನ ಸಾಲು ನೋಡಬೇಕು.

ಮೇಲಿಂದ ಕೆಳಕ್ಕೆ ಸಾಲುಗಳು ಗಿಡ್ಡವಾಗುತ್ತ ಹೋಗುವುದರಲ್ಲೇ ಇಡೀ ವ್ಯವಸ್ಥೆಯ ಜಾಣತನವಿದೆ. ಚಾಳ್ ವಠಾರಕ್ಕೆ ಕಾಗದ ತರುವ ಪೋಸ್ಟ್‌ಮ್ಯಾನ್ ಮೊದಲು ಖೋಲಿ ನಂಬರ್ ಹುಡುಕುತ್ತಾನೆ, ಅದಿಲ್ಲದಿದ್ದರೆ ಮಹಡಿಯಲ್ಲಿ ವಿಚಾರಿಸುತ್ತಾನೆ, ಅದೂ ಆಗದಿದ್ದರೆ ಕೆಳಗಿನ ಪಾನ್ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ. ವಿಂಡೋಸ್ ಕೂಡ ತನ್ನಲ್ಲಿರುವ ಐಎನ್‌ಎಫ್ ಫೈಲುಗಳಲ್ಲಿ (ಯಾವ ಸಂಖ್ಯೆಗೆ ಯಾವ ಡ್ರೈವರ್ ಎಂದು ಬರೆದಿರುವ ಫೈಲುಗಳು) ಮೊದಲು ಉದ್ದದ ಸಾಲಿಗೆ ಪೂರ್ತಿ ಹೊಂದುವ ಡ್ರೈವರ್ ಹುಡುಕುತ್ತದೆ. ಸಿಗದಿದ್ದರೆ ರಿವಿಷನ್ ಬಿಟ್ಟು, ಆಮೇಲೆ ಸಬ್‌ಸಿಸ್ಟಂ ಬಿಟ್ಟು, ಕೊನೆಗೆ 'ಇದು ಯಾವುದೋ ಒಂದು ಡಿಸ್‌ಪ್ಲೇ' ಎಂಬಷ್ಟು ಸಾಮಾನ್ಯ ವರ್ಗಕ್ಕೆ ಇಳಿಯುತ್ತದೆ. ಹಾಗೆ ಇಳಿದಾಗ ಸಿಗುವುದು 'ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್'. ಚಿತ್ರ ಮೂಡುತ್ತದೆ, ಆದರೆ ಬೆಳಕು ಏರಿಳಿಸಲು ಆಗದು, ವಿಡಿಯೊ ತಡವರಿಸುತ್ತದೆ.

ಸಬ್‌ಸಿಸ್ಟಂ ಎಷ್ಟು ಮುಖ್ಯ ಎನ್ನುವುದಕ್ಕೆ ಆಡಿಯೊ ಒಳ್ಳೆಯ ಉದಾಹರಣೆ. ರಿಯಲ್‌ಟೆಕ್‌ನ ಒಂದೇ ಆಡಿಯೊ ಚಿಪ್ಪು ಹಲವು ಕಂಪನಿಗಳ ಲ್ಯಾಪ್‌ಟಾಪಿನಲ್ಲಿರುತ್ತದೆ. ಅದರ ಯಾವ ಕಾಲಿಗೆ ಸ್ಪೀಕರ್, ಯಾವುದಕ್ಕೆ ಮೈಕ್, ಹೆಡ್‌ಫೋನ್ ಚುಚ್ಚಿದ್ದನ್ನು ಯಾವುದು ಗಮನಿಸುತ್ತದೆ ಎಂಬ ಜೋಡಣೆ ಒಂದೊಂದು ಬೋರ್ಡಿನಲ್ಲಿ ಒಂದೊಂದು ಥರ. ಆ ವಿವರ ಬರುವುದು ಲ್ಯಾಪ್‌ಟಾಪ್ ತಯಾರಕರ ಡ್ರೈವರ್‌ನಲ್ಲಿ. ಬೇರೆ ಕಂಪನಿಯದನ್ನು ತುರುಕಿದರೆ ಶಬ್ದ ಬಂದರೂ ಹೆಡ್‌ಫೋನ್ ಹಾಕಿದಾಗ ಸ್ಪೀಕರ್ ಬಂದ್ ಆಗದೆ ಉಳಿಯಬಹುದು, ಮೈಕ್ ಸೊರಗಬಹುದು. ನನ್ನ ಸಲಹೆ: ಆಡಿಯೊ, ಟಚ್‌ಪ್ಯಾಡ್, ವಿಶೇಷ ಕೀಲಿಗಳ ಡ್ರೈವರ್ ಲ್ಯಾಪ್‌ಟಾಪ್ ತಯಾರಕರಿಂದ, ವೈಫೈ, ಬ್ಲೂಟೂತ್ ಚಿಪ್ ತಯಾರಕರಿಂದ. ಗ್ರಾಫಿಕ್ಸ್ ಎರಡೂ ಕಡೆಯಿಂದ ನಡೆಯುತ್ತದೆ. ಎರಡೂ ಕಡೆ ಸಿಗದಿದ್ದರೆ ಆ ಉದ್ದದ ಸಾಲನ್ನು ನಕಲಿಸಿ ಮೈಕ್ರೊಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿನಲ್ಲಿ ಹುಡುಕಿ. ಸಿಗದಿದ್ದರೆ ರಿವಿಷನ್ ಭಾಗ ಅಳಿಸಿ ಮತ್ತೆ. ಇಳಿಯುವ ಸಿಎಬಿ ಫೈಲನ್ನು ಬಿಚ್ಚಿ, 'ಬ್ರೌಸ್ ಮೈ ಕಂಪ್ಯೂಟರ್' ಮೂಲಕ ಆ ಫೋಲ್ಡರ್ ತೋರಿಸಿದರಾಯಿತು.

ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಕಾಣುವ ಕೆಲವು ಹೆಸರುಗಳು ಜನರನ್ನು ಸುಮ್ಮನೆ ಹೆದರಿಸುತ್ತವೆ. 'ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್' ಮೋಡೆಮ್ ಅಲ್ಲ, ಸಾಮಾನ್ಯವಾಗಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್. 'ಎಸ್‌ಎಂ ಬಸ್ ಕಂಟ್ರೋಲರ್'ಗೆ ಚಿಪ್‌ಸೆಟ್ ಫೈಲು ಸಾಕು. 'ಬೇಸ್ ಸಿಸ್ಟಂ ಡಿವೈಸ್' ಬಹುತೇಕ ಮೆಮೊರಿ ಕಾರ್ಡ್ ಓದುವ ಕಿಂಡಿ. ಟಚ್‌ಪ್ಯಾಡ್ ಡ್ರೈವರ್ ಎಷ್ಟು ಸಲ ಹಾಕಿದರೂ ಬೆರಳಿಗೆ ಸ್ಪಂದಿಸುತ್ತಿಲ್ಲವೇ? ಈಚಿನ ಇಂಟೆಲ್ ಯಂತ್ರಗಳಲ್ಲಿ ಅದು ಐ2ಸಿ ಬಸ್ಸಿಗೆ ಜೋಡಣೆಯಾಗಿರುತ್ತದೆ. ಆ ಬಸ್ಸನ್ನು ಎಬ್ಬಿಸುವ 'ಸೀರಿಯಲ್ ಐಒ' ಡ್ರೈವರ್ ಮೊದಲು ಬೇಕು, ಟಚ್‌ಪ್ಯಾಡ್ ಆಮೇಲೆ. ವೈಫೈ ಡ್ರೈವರ್ ಇಲ್ಲದೆ ಇಂಟರ್ನೆಟ್ಟಿಲ್ಲ, ಇಂಟರ್ನೆಟ್ಟಿಲ್ಲದೆ ವೈಫೈ ಡ್ರೈವರ್ ಇಲ್ಲ ಎಂಬ ಪೇಚಿಗೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಸಾಕು, ಅದಕ್ಕೆ ಬೇಕಾದದ್ದು ವಿಂಡೋಸ್‌ನಲ್ಲೇ ಇದೆ.

ಇನ್ನೊಂದು ಕಡೆ ಜನ ಎಸ್‌ಎಸ್‌ಡಿ ಸತ್ತಿತೆಂದೇ ತಿಳಿಯುತ್ತಾರೆ. 11ನೇ ಪೀಳಿಗೆಯಿಂದೀಚಿನ ಹಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಹಾಕಲು ಕೂತರೆ ಡಿಸ್ಕ್ ಪಟ್ಟಿ ಖಾಲಿ. ಡಿಸ್ಕು ವಿಎಂಡಿ ಎಂಬ ಕಂಟ್ರೋಲರಿನ ಹಿಂದೆ ಕೂತಿದೆ, ಅದರ ಡ್ರೈವರ್ ಇನ್‌ಸ್ಟಾಲರ್ ಬಳಿ ಇಲ್ಲ, ಅಷ್ಟೆ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇನ್ನೊಂದು ಯಂತ್ರದಲ್ಲಿ ಬಿಚ್ಚಿ, ಐಎನ್‌ಎಫ್ ಫೈಲಿರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ 'ಲೋಡ್ ಡ್ರೈವರ್' ಒತ್ತಿ. ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದೂ ಒಂದು ದಾರಿ. ಆದರೆ ಅದನ್ನು ಇಟ್ಟುಕೊಂಡೇ ವಿಂಡೋಸ್ ಹಾಕಿದ್ದು, ಆಮೇಲೆ ಆಫ್ ಮಾಡಿದರೆ ಯಂತ್ರ ಬೂಟ್ ಆಗದೆ ನೀಲಿ ಪರದೆ ತೋರಿಸುತ್ತದೆ.

ಬಿಡಿಭಾಗದ ಸಾಲೇ ಪಟ್ಟಿಯಲ್ಲಿ ಇಲ್ಲದಿದ್ದರೆ? ಆಗ ಡ್ರೈವರಿನ ಗೊಡವೆಗೇ ಹೋಗಬೇಡಿ. ಸಂಖ್ಯೆ ಹೇಳದ ಕಾರ್ಡಿಗೆ ಯಾವ ಡ್ರೈವರೂ ಹೊಂದದು. ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದಾರೆಯೇ ನೋಡಿ. ಇಲ್ಲವೆಂದಾದರೆ, ಮುಂಬಯಿ ಗೋವೆಗಳ ಕಡಲ ಗಾಳಿಯಲ್ಲಿ ಎಂ.2 ಕಾರ್ಡಿನ (ವೈಫೈ, ಎಸ್‌ಎಸ್‌ಡಿಗಳ ಪುಟ್ಟ ಕಾರ್ಡು) ತುದಿ ಕಪ್ಪಾಗಿರುವ ಸಾಧ್ಯತೆ ಇದೆ. ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಕಾರ್ಡನ್ನು ಹೊರತೆಗೆದು, ಚಿನ್ನದ ಬಣ್ಣದ ತುದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ. (ಖಂಡೆನವಮಿಯ ದಿನ ಕುಂಕುಮ ಹಚ್ಚುವವರು ಮುಚ್ಚಳಕ್ಕೆ ಹಚ್ಚಲಿ, ಯುಎಸ್‌ಬಿ ಕಿಂಡಿಯ ಹತ್ತಿರ ಬೇಡ.)

ಯುಎಸ್‌ಬಿ ಸಾಧನಗಳಿಗೂ ಇದೇ ರೀತಿ ವಿಐಡಿ (ತಯಾರಕರ ಸಂಖ್ಯೆ), ಪಿಐಡಿ (ಮಾದರಿಯ ಸಂಖ್ಯೆ) ಎಂಬ ಜೋಡಿ ಇದೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಹಳೆಯ ಬಿಲ್ ಪ್ರಿಂಟರನ್ನು ಹೊಸ ಲ್ಯಾಪ್‌ಟಾಪಿಗೆ ಜೋಡಿಸುವ ಯುಎಸ್‌ಬಿ-ಸೀರಿಯಲ್ ಕೇಬಲ್ ನೋಡಿದ್ದೀರಲ್ಲ? ಅದರೊಳಗಿನ ಚಿಪ್ಪು 0403, 6001 ಎಂದರೆ ಎಫ್‌ಟಿಡಿಐ ಕಂಪನಿಯದು; 067ಬಿ, 2303 ಎಂದರೆ ಪ್ರೊಲಿಫಿಕ್; 1ಎ86, 7523 ಎಂದರೆ ಅಗ್ಗದ ಸಿಎಚ್340. ಸಂಖ್ಯೆಯೂ ಸುಳ್ಳು ಹೇಳಬಹುದು ಎಂದು ಜಗತ್ತಿಗೆ ತೋರಿಸಿದ್ದು ಇವೇ. ಎಫ್‌ಟಿಡಿಐನ ನಂಬರ್ ಹಾಕಿಕೊಂಡ ನಕಲಿ ಚಿಪ್ಪುಗಳು ಮಾರುಕಟ್ಟೆ ತುಂಬಿದಾಗ ಕಂಪನಿ 2014ರಲ್ಲಿ ಒಂದು ಡ್ರೈವರ್ ಬಿಟ್ಟಿತು. ನಕಲಿ ಸಿಕ್ಕಿದರೆ ಅದರ ಪಿಐಡಿಯನ್ನು 0000 ಎಂದು ತಿದ್ದುತ್ತಿತ್ತು. ವಿಂಡೋಸ್ ಅಪ್‌ಡೇಟ್ ಮೂಲಕ ತಾನಾಗಿ ಬಂದ ಆ ಡ್ರೈವರಿನಿಂದ ಎಷ್ಟೋ ಕೇಬಲ್‌ಗಳು ರಾತ್ರೋರಾತ್ರಿ ಅನಾಮಿಕವಾದವು. ಗದ್ದಲವೆದ್ದ ಮೇಲೆ ಹಿಂತೆಗೆದರು. ಪ್ರೊಲಿಫಿಕ್‌ನ ಹೊಸ ಡ್ರೈವರ್ ಕೂಡ ಹಳೆಯ ಮತ್ತು ನಕಲಿ ಚಿಪ್ಪು ಕಂಡರೆ ಕೋಡ್ 10 (ಸಾಧನ ಶುರುವಾಗದು ಎಂಬ ಸೂಚನೆ) ತೋರಿಸಿ ಕೈಚೆಲ್ಲುತ್ತದೆ. ಅಲ್ಲಿ ಹೊಸ ಡ್ರೈವರೇ ಕಾಯಿಲೆ.

ಆದ್ದರಿಂದ ಸರಿಯಾಗಿ ನಡೆಯುತ್ತಿರುವುದನ್ನು ಕೆದಕಬೇಡಿ ಎನ್ನುವವರ ಪಕ್ಷ ನನ್ನದು. ಹೆಚ್ಚಿನ ಡ್ರೈವರ್‌ಗಳು ಕರ್ನಲ್‌ನಲ್ಲಿ, ಅಂದರೆ ವಿಂಡೋಸ್‌ನ ತಿರುಳಿನಲ್ಲೇ ಓಡುತ್ತವೆ, ಅಲ್ಲಿ ಎಡವಿದರೆ ಇಡೀ ಯಂತ್ರ ನೆಲಕ್ಕೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಫೈಲನ್ನು ಅದರ ಕರ್ನಲ್ ಡ್ರೈವರ್ ಓದಿದ್ದಕ್ಕೆ ಮೈಕ್ರೊಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟು ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಭದ್ರತೆಯ ಲೋಪ ಸರಿಪಡಿಸುವ ವೈಫೈ, ಬ್ಲೂಟೂತ್ ಅಪ್‌ಡೇಟುಗಳು, ಗ್ರಾಫಿಕ್ಸ್, ಹಾಗೂ ನಿಮ್ಮ ನಿಜವಾದ ತೊಂದರೆಗೆ ಉತ್ತರವಾಗಿ ಬಂದದ್ದು, ಇಷ್ಟಕ್ಕೆ ಮಾತ್ರ ಕೈಹಾಕಿ. ಹಾಕಿದ ಮೇಲೆ ಕೆಟ್ಟರೆ ಅದೇ ಪ್ರಾಪರ್ಟೀಸ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಇದೆ.

ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಕೊಡುವ ಮುನ್ನ ಐದು ನಿಮಿಷದ ಕೆಲಸ ಒಂದಿದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಎನ್‌ಪಿಯುಟಿಲ್ ಆಜ್ಞೆ, ಓರೆಗೆರೆ (/), ಎಕ್ಸ್‌ಪೋರ್ಟ್-ಡ್ರೈವರ್, ನಕ್ಷತ್ರ ಚಿಹ್ನೆ (*), ಪೆನ್‌ಡ್ರೈವಿನಲ್ಲಿ ಮೊದಲೇ ಮಾಡಿಟ್ಟ ಖಾಲಿ ಫೋಲ್ಡರಿನ ವಿಳಾಸ, ಇಷ್ಟನ್ನು ಕ್ರಮವಾಗಿ ಇಂಗ್ಲಿಷಿನಲ್ಲಿ ಟೈಪಿಸಿದರೆ ವಿಂಡೋಸ್‌ನವಲ್ಲದ ಎಲ್ಲ ಡ್ರೈವರ್‌ಗಳೂ ಅಲ್ಲಿಗೆ ನಕಲಾಗುತ್ತವೆ. ಯಂತ್ರ ವಾಪಸು ಬಂದಾಗ ತ್ರಿಕೋನವಿರುವ ಸಾಲಿನ ಮೇಲೆ 'ಅಪ್‌ಡೇಟ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿ, 'ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್' ಗುರುತು ಹಾಕಿರಲಿ.