ಪದ ಪರಿಚಯ: ಹಾಟ್ ಕೊರಿನೊ

ಸೂರ್ಯನಂಥ ನಕ್ಷತ್ರ ಹುಟ್ಟುವ ಕಡೆ, ಹಸುಗೂಸು ನಕ್ಷತ್ರದ ಸುತ್ತಲಿನ ಅನಿಲ, ದೂಳಿನ ಪುಟ್ಟ ಬಿಸಿ ಒಡಲೇ ಹಾಟ್ ಕೊರಿನೊ. ಇಲ್ಲಿ ‘ಹಾಟ್’ ಅಂದರೆ ಸುಮಾರು ಮೈನಸ್ 173 ಡಿಗ್ರಿ ಸೆಲ್ಸಿಯಸ್. ನಗು ಬರಬಹುದು. ಮೈನಸ್ 263ರ ಆಸುಪಾಸಿನಲ್ಲಿ ಮರಗಟ್ಟಿ ಕೂತಿದ್ದ ಅನಿಲ, ದೂಳಿನ ಮೋಡಕ್ಕೆ ಮಾತ್ರ ಅದು ಕಡುಬೇಸಿಗೆಯೇ.

‘ಕೊರಿನೊ’ ಅರ್ಧ ಇಂಗ್ಲಿಷ್, ಅರ್ಧ ಇಟಾಲಿಯನ್. ಭಾರೀ ನಕ್ಷತ್ರಗಳು ಹುಟ್ಟುವ ಕಡೆಯ ಬಿಸಿ ಒಡಲಿಗೆ ‘ಹಾಟ್ ಕೋರ್’ ಎಂಬ ಹೆಸರು ಮೊದಲೇ ಇತ್ತು. ಸೂರ್ಯನಂಥ ನಕ್ಷತ್ರ ಹುಟ್ಟುವಲ್ಲೂ ಅಂಥದ್ದೇ ಒಂದು ಪುಟ್ಟದು ಸಿಕ್ಕಾಗ, ಇಟಾಲಿಯನ್ನರು ಚಿಕ್ಕದಕ್ಕೆಲ್ಲ ಹಚ್ಚುವ ‘ಇನೊ’ವನ್ನು ಇದಕ್ಕೂ ಹಚ್ಚಿದರು. ಕನ್ನಡದಲ್ಲಿ ‘ಬಿಸಿ ಮರಿತಿರುಳು’ ಅಂದರೆ ಹೇಗೆ? ನನಗಂತೂ ಇಷ್ಟ.

ವೃಶ್ಚಿಕದ ಕೆಂಪು ಜ್ಯೇಷ್ಠಾ ನಕ್ಷತ್ರವನ್ನು ಗುರುತಿಸಿ, ಅಲ್ಲಿಂದ ಉತ್ತರಕ್ಕೆ, ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಸರಿಯಿರಿ. ಏನೂ ಕಾಣದು, ದೂಳು ಎಲ್ಲವನ್ನೂ ಮುಚ್ಚಿದೆ. ಆ ದೂಳಿನೊಳಗೆ, ಸುಮಾರು 450 ಜ್ಯೋತಿರ್ವರ್ಷ ಆಚೆ, ಐರಾಸ್ 16293-2422 ಎಂಬ ಹಸುಗೂಸು ನಕ್ಷತ್ರಗಳ ಜೋಡಿ ಇದೆ. ಹಾಟ್ ಕೊರಿನೊ ಅಂದಕೂಡಲೇ ಖಗೋಳ ವಿಜ್ಞಾನಿಗಳಿಗೆ ಮೊದಲು ನೆನಪಾಗುವುದು ಇದೇ.

ಚಳಿಯಲ್ಲಿದ್ದಾಗ ದೂಳಿನ ಕಣಕಣಕ್ಕೂ ಹಿಮದ ಲೇಪ. ಅದರ ಮೇಲೆ ಅಂಟಿದ ಕಾರ್ಬನ್ ಮಾನಾಕ್ಸೈಡಿಗೆ ಹೈಡ್ರೋಜನ್ ಪರಮಾಣುಗಳು ಒಂದೊಂದಾಗಿ ಸೇರಿ ಮೆಥನಾಲ್ ಆಗುತ್ತದೆ. ಒಳಗಿನ ಕೂಸು ಬಿಸಿಯಾದಂತೆ ಹಿಮ ನೀರಾಗದೆ ನೇರ ಆವಿಯಾಗುತ್ತದೆ, ಕರ್ಪೂರದ ಹಾಗೆ. ಅದರೊಳಗಿದ್ದ ಅಣುಗಳೆಲ್ಲ ಹೊರಬಿದ್ದು ಬುಗುರಿಯಂತೆ ತಿರುಗತೊಡಗುತ್ತವೆ.

ಈ ಬುಗುರಿಗೆ ಮನಬಂದ ವೇಗವಿಲ್ಲ, ಲೆಕ್ಕದ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲು ಇಳಿದಾಗಲೆಲ್ಲ ಗೊತ್ತಾದ ಆವೃತ್ತಿಯ ರೇಡಿಯೊ ಅಲೆ ಹೊರಡುತ್ತದೆ. ಕಾರ್ಬನ್ ಮಾನಾಕ್ಸೈಡಿನ ಕೊನೆಯ ಮೆಟ್ಟಿಲಿಗೆ 115.27 ಗಿಗಾಹರ್ಟ್ಸ್. ಈ ಅಲೆಗೆ ದೂಳು ಅಷ್ಟಾಗಿ ಅಡ್ಡಬರುವುದಿಲ್ಲ. ದೊಡ್ಡ ಅಣುಗಳದ್ದೇ ತಲೆನೋವು. ಒಂದೊಂದಕ್ಕೂ ಇಂಥ ನೂರಾರು ಆವೃತ್ತಿಗಳು, ಅಂದರೆ ರೋಹಿತ ರೇಖೆಗಳು, ಒಂದರ ಮೇಲೊಂದು ಬಿದ್ದಿರುತ್ತವೆ. ಪ್ರಯೋಗಾಲಯದಲ್ಲಿ ಅಳೆದ ಹಲವು ರೇಖೆಗಳು ತಾಳೆಯಾಗದೆ ಯಾವ ಅಣುವಿನ ಹೆಸರನ್ನೂ ಹೇಳುವಂತಿಲ್ಲ.

ನಮ್ಮ ಗಾಳಿಯ ನೀರಾವಿ ಈ ಅಲೆಗಳನ್ನು ನುಂಗುತ್ತದೆ. ಅದಕ್ಕೇ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, 5000 ಮೀಟರ್ ಎತ್ತರದ ಒಣಗಾಳಿಯಲ್ಲಿ, ಆಲ್ಮಾ ಎಂಬ ರೇಡಿಯೊ ದೂರದರ್ಶಕದ 66 ಆಂಟೆನಾಗಳು ನಿಂತಿವೆ. 2012ರಲ್ಲಿ ಆಲ್ಮಾ ಈ ಜೋಡಿಯ ಸುತ್ತ ಗ್ಲೈಕಾಲ್ಡಿಹೈಡ್ ಎಂಬ ಅತಿ ಸರಳ ಸಕ್ಕರೆಯನ್ನು ಗುರುತಿಸಿತು. ಕಾಫಿಗೆ ಹಾಕುವ ಸಕ್ಕರೆಯಲ್ಲ, ಬಿಡಿ. ಅಣುಗಳು ನಮ್ಮತ್ತಲೋ ನಮ್ಮಿಂದಾಚೆಗೋ ಚಲಿಸುತ್ತಿದ್ದರೆ ಅವುಗಳ ರೇಖೆಗಳ ಆವೃತ್ತಿ ತುಸು ಸರಿಯುತ್ತದೆ. ಹಾಗೆ ಸರಿದಿದ್ದನ್ನು ಅಳೆದಾಗ ಇನ್ನೊಂದು ವಿಷಯವೂ ತಿಳಿಯಿತು: ಆ ಸಕ್ಕರೆ ಜೋಡಿಯಲ್ಲೊಂದು ಕೂಸಿನ ಕಡೆಗೇ ಬೀಳುತ್ತಿತ್ತು.